ಆ ನಂಬರ್ ಯಾವ ಮಹಡಿಯದ್ದು?

ಚಂಡಮಾರುತ ಬಂತೆಂದರೆ ಟೀವಿ ಪರದೆ ಮೇಲೆ ಒಂದು ನಂಬರ್ ಓಡುತ್ತೆ. 'ಗಂಟೆಗೆ 150 ಕಿಲೋಮೀಟರ್ ವೇಗದ ಗಾಳಿ!' ಸರಿ, ಆದರೆ ಆ 150 ಯಾವ ಎತ್ತರದ್ದು?

2018ರ ಸೆಪ್ಟೆಂಬರ್ 16ರಂದು ಮಾಂಗ್‌ಖುಟ್ ಎಂಬ ಟೈಫೂನ್ ಹಾಂಗ್‌ಕಾಂಗ್ ಸಮೀಪ ಹಾದುಹೋಯಿತು. ಅಲ್ಲಿ ಹತ್ತನೇ ನಂಬರಿನ, ಅಂದ್ರೆ ಅತ್ಯಂತ ದೊಡ್ಡ ಎಚ್ಚರಿಕೆ ಜಾರಿಯಾಗಿತ್ತು. ಬಹುಮಹಡಿ ಕಚೇರಿ ಕಟ್ಟಡವೊಂದರ ಗಾಜುಗಳು ಪುಡಿಪುಡಿಯಾಗಿ, ಒಳಗಿನ ಕಾಗದಪತ್ರಗಳು ಆಕಾಶದಲ್ಲಿ ಹಾರಾಡಿದ್ದನ್ನು ಜಗತ್ತೇ ನೋಡಿತು.

ಹವಾಮಾನ ಇಲಾಖೆಗಳು ಹೇಳೋ ವೇಗ ಸಾಮಾನ್ಯವಾಗಿ ನೆಲದಿಂದ 10 ಮೀಟರ್ ಎತ್ತರದ್ದು. ಅಂದ್ರೆ ಹೆಚ್ಚೂಕಮ್ಮಿ ಮೂರನೇ ಮಹಡಿ. ಅದಕ್ಕಿಂತ ಮೇಲೆ ಇರೋರ ಲೆಕ್ಕವೇ ಬೇರೆ.

ಮೊದಲು ಸಮುದ್ರ ನೋಡಿ. ಅಲ್ಲಿ ಗಾಳಿಯ ಕಾಲು ಹಿಡಿದು ಎಳೆಯೋದು ಅಲೆಗಳು ಮಾತ್ರ. ಮೇಲೆ ಹೋದಂತೆ ಆ ಹಿಡಿತ ಸಡಿಲವಾಗಿ ವೇಗ ಏರುತ್ತೆ. ಕಣ್ಣಿನ ಸುತ್ತಲಿನ ಮೋಡದ ಗೋಡೆಯಲ್ಲಿ ಸುಮಾರು 500 ಮೀಟರ್ ಎತ್ತರದಲ್ಲಿ ಗಾಳಿ ಅತಿ ಜೋರು. ಇನ್ನೂ ಮೇಲೆ ಹೋದರೆ ಮತ್ತೆ ಇಳಿಯುತ್ತೆ! ಯಾಕೆ? ಚಂಡಮಾರುತದ ನಡುಭಾಗ ಬಿಸಿ. ಹಾಗಾಗಿ ಎತ್ತರಕ್ಕೆ ಹೋದಂತೆ ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸ ಕರಗುತ್ತೆ. ತಳ್ಳೋನೇ ಸುಸ್ತಾದ ಮೇಲೆ ಓಟ ಎಲ್ಲಿಂದ ಬರಬೇಕು?

ಇದೆಲ್ಲ ಊಹೆಯಲ್ಲ. ಅಮೆರಿಕದ ವಿಮಾನಗಳು ಚಂಡಮಾರುತದೊಳಗೇ ನುಗ್ಗಿ, ಪುಟ್ಟ ಪ್ಯಾರಾಶೂಟ್ ಕಟ್ಟಿದ ಉಪಕರಣಗಳನ್ನು ಕೆಳಗೆ ಬಿಡುತ್ತವೆ. 1997ರಿಂದ ಅವುಗಳಲ್ಲಿ ಜಿಪಿಎಸ್ ಇದೆ. ಮೂರು ಕಿಲೋಮೀಟರ್ ಎತ್ತರದ ಗಾಳಿಯ ಸುಮಾರು ಶೇ. 90ರಷ್ಟು ವೇಗ ಸಮುದ್ರದ ಮೇಲ್ಮೈಯಲ್ಲೂ ಇರುತ್ತೆ ಅನ್ನೋದು ಗೊತ್ತಾಗಿದ್ದು ಹೀಗೆ. ಈ ಲೆಕ್ಕ ಕೈಗೆ ಸಿಕ್ಕ ಮೇಲೆ, 1992ರ ಆಂಡ್ರ್ಯೂ ಚಂಡಮಾರುತವನ್ನು ಹತ್ತು ವರ್ಷದ ನಂತರ ನಾಲ್ಕನೇ ದರ್ಜೆಯಿಂದ ಐದಕ್ಕೆ ಏರಿಸಿದರು.

ಈಗ ನೆಲಕ್ಕೆ ಬನ್ನಿ. ಮರ, ಮನೆ, ಗುಡ್ಡ ಎಲ್ಲವೂ ಅಡ್ಡ. ಕೆಳಗಿನ ಗಾಳಿ ಬೇಗ ಸೊರಗುತ್ತೆ. ಆದರೆ ಮೇಲಿನ ಗಾಳಿಗೆ ಆ ಸುದ್ದಿ ಮುಟ್ಟೋದು ತಡ! ಹಾಗಾಗಿ ಕೆಳಗೂ ಮೇಲಕ್ಕೂ ಇರೋ ಅಂತರ ಸಮುದ್ರಕ್ಕಿಂತ ನೆಲದ ಮೇಲೇ ದೊಡ್ಡದು. ನಡುನಡುವೆ ಮೇಲಿನ ಗಾಳಿ ಸುಳಿಗಳ ಜೊತೆ ಬೀದಿಗೆ ಧುಮುಕುತ್ತೆ. ಸುಮ್ಮನಿದ್ದ ಮರ ಒಮ್ಮೆಲೇ ಉರುಳೋದು ಆಗ.

30 ಮಹಡಿಯ ಕಟ್ಟಡದ ತುದಿಯಲ್ಲಿ ಗಾಳಿ ಒಂದು ದರ್ಜೆ ಹೆಚ್ಚಿರಬಹುದು ಎಂದು ಅಮೆರಿಕದ ಹರಿಕೇನ್ ಕೇಂದ್ರ ಎಚ್ಚರಿಸಿದ್ದುಂಟು. ಇನ್ನೊಂದು ಲೆಕ್ಕ ಗಮನಿಸಿ. ವೇಗ ಶೇ. 20 ಹೆಚ್ಚಾದರೆ ಕಿಟಕಿ ಮೇಲಿನ ಒತ್ತಡ ಹೆಚ್ಚೋದು ಶೇ. 44! ತೈವಾನಿನ ತೈಪೆ 101 ಗೋಪುರದ ಹೊಟ್ಟೆಯೊಳಗೆ ಓಲಾಟ ತಗ್ಗಿಸಲು 660 ಟನ್ನಿನ ಉಕ್ಕಿನ ಗುಂಡು ತೂಗುಬಿಟ್ಟಿದ್ದಾರೆ. 2015ರ ಸೌಡೆಲರ್ ಟೈಫೂನಿಗೆ ಆ ಗುಂಡೇ ಒಂದು ಮೀಟರ್ ತೂಗಾಡಿತು.

ಹಾಗಂತ ಎಲ್ಲರೂ ಕೆಳಗಿಳಿದು ಕೂರಬೇಕಾ? ಅದೂ ಅಪಾಯ. 2013ರ ಹೈಯಾನ್ ಟೈಫೂನಿನಲ್ಲಿ ಫಿಲಿಪೀನ್ಸಿನ ತಾಕ್ಲೋಬಾನ್ ನಗರಕ್ಕೆ ಸಮುದ್ರವೇ ನುಗ್ಗಿತು. ನೀರು 'ಮೇಲೆ ಹತ್ತು' ಅನ್ನುತ್ತೆ, ಗಾಳಿ 'ಕೆಳಗಿಳಿ' ಅನ್ನುತ್ತೆ. ನೀರಿಗೆ ಸಿಗದಷ್ಟು ಮೇಲೆ, ತುದಿ ಮಹಡಿಗಿಂತ ಸಾಕಷ್ಟು ಕೆಳಗೆ, ಕಿಟಕಿಯಿಂದ ದೂರ, ಒಳಕೋಣೆಯಲ್ಲಿ ಇರಬೇಕು. ನಮ್ಮ ಅರಬ್ಬೀ ಸಮುದ್ರದ ಚಂಡಮಾರುತಕ್ಕೂ ಇದೇ ನಿಯಮ.

ಮುಂದಿನ ಸಲ ಪರದೆ ಮೇಲೆ ಆ ನಂಬರ್ ಕಂಡಾಗ, ನಿಮ್ಮ ಮನೆ ಎಷ್ಟನೇ ಮಹಡಿಯಲ್ಲಿದೆ ಅಂತ ಒಮ್ಮೆ ಎಣಿಸಿಕೊಳ್ಳಿ.