ಮ್ಯಾಪಿನ ಮೇಲೆ ನಡೆಯುವ ಗೆರೆ

ಹಂಪಿಗೆ ಹೋಗಿ ಬಂದವರ ವೀಡಿಯೊ ನೋಡಲು ಕೂತರೆ ಕಂಬ, ಬಂಡೆ, ಗೋಪುರ, ಮತ್ತೆ ಬಂಡೆ. ಯಾವುದು ಎಲ್ಲಿದೆ, ಒಂದರಿಂದ ಇನ್ನೊಂದಕ್ಕೆ ಎಷ್ಟು ದೂರ ಎನ್ನುವುದು ಹೋದವರಿಗಷ್ಟೇ ಗೊತ್ತು. ನಡುವೆ ಐದಾರು ಸೆಕೆಂಡು ಮ್ಯಾಪ್ ತೋರಿಸಿ, ನಡೆದ ದಾರಿಯ ಗೆರೆ ತಾನಾಗಿ ಬೆಳೆಯುವಂತೆ ಮಾಡಿದರೆ ನೋಡುವವರೂ ಜೊತೆಗೆ ಬರುತ್ತಾರೆ. ಸಿನಿಮಾದವರಿಗೆ ಇದು ಹಳೆಯ ವಿದ್ಯೆ. 1942ರ ‘ಕಾಸಾಬ್ಲಾಂಕಾ’ ಶುರುವಾಗುವುದೇ ಹೀಗೆ; 1981ರ ಮೊದಲ ಇಂಡಿಯಾನಾ ಜೋನ್ಸ್ ಚಿತ್ರದ ಕೆಂಪು ಗೆರೆಯಂತೂ ಪ್ರಸಿದ್ಧ.

ವಿರೂಪಾಕ್ಷ ದೇವಸ್ಥಾನದಿಂದ ವಿಠ್ಠಲ ದೇವಸ್ಥಾನದವರೆಗಿನ ಕಾಲುದಾರಿಯನ್ನೇ ತೆಗೆದುಕೊಳ್ಳೋಣ. ಬಜಾರು, ಎದುರು ಬಸವಣ್ಣ, ಕೋದಂಡರಾಮ, ತುಲಾಭಾರ, ಆಮೇಲೆ ವಿಠ್ಠಲ. ನೇರ ಅಳೆದರೆ ಎರಡು ಕಿಲೋಮೀಟರ್ ಆಸುಪಾಸು, ನಡೆಯುವಾಗ ಇನ್ನಷ್ಟು.

ಮೊದಲು ದಾರಿ ಬೇಕು. ಒಸ್ಮ್ಯಾಂಡ್, ಸ್ಟ್ರಾವಾದಂಥ ಆ್ಯಪ್‌ನಲ್ಲಿ ರೆಕಾರ್ಡಿಂಗ್ ಒತ್ತಿ ಫೋನನ್ನು ಜೇಬಿಗೆ ಹಾಕಿಕೊಂಡು ನಡೆದರೆ ಜಿಪಿಎಕ್ಸ್ ಫೈಲ್ ಸಿಗುತ್ತದೆ. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿದರೆ ಒಳಗಿರುವುದು ಸಾಲು ಸಾಲು ಅಂಕಿ: ಅಕ್ಷಾಂಶ, ರೇಖಾಂಶ, ಎತ್ತರ, ಸಮಯ. ಇಲ್ಲಿನ ಸಮಯ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುತ್ತದೆ. ಯಾವ ಕ್ಲಿಪ್ ಯಾವ ಜಾಗದ್ದೆಂದು ಹೊಂದಿಸುವಾಗ ಇದು ನೆನಪಿರಲಿ. ರೆಕಾರ್ಡ್ ಮಾಡಿರದಿದ್ದರೂ ಚಿಂತೆಯಿಲ್ಲ. ಲೊಕೇಶನ್ ಆನ್ ಇಟ್ಟು ತೆಗೆದ ಫೋಟೊಗಳಲ್ಲೇ ಜಾಗದ ಅಂಕಿ ಅಡಗಿರುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ಫೋಟೊವಾಗಿ ಬಂದದ್ದರಲ್ಲಿ ಮಾತ್ರ ಅದು ಅಳಿಸಿಹೋಗಿರುತ್ತದೆ.

ಸಿಕ್ಕ ದಾರಿಯನ್ನು ಹಾಗೇ ಬಳಸಬೇಡಿ. ದೊಡ್ಡ ಬಂಡೆಗಳ ನಡುವೆ ಉಪಗ್ರಹದ ಸಂಕೇತ ಬಡಿದು ತಿರುಗಿ ಬರುವುದರಿಂದ ಗೆರೆ ಅಲ್ಲಲ್ಲಿ ಹಾರುತ್ತದೆ. ನೀವು ದಡದಲ್ಲೇ ನಡೆದಿದ್ದರೂ ಅದು ತುಂಗಭದ್ರೆಗೆ ಇಳಿದಿರುತ್ತದೆ. ಅಕ್ಷಾಂಶದ ನಾಲ್ಕನೇ ದಶಮಾಂಶದಲ್ಲಿ ಒಂದು ಅಂಕಿ ಬದಲಾದರೆ ಸುಮಾರು 11 ಮೀಟರ್ ವ್ಯತ್ಯಾಸ. ಎಳನೀರಿಗೆ ನಿಂತ ಕಡೆ ನೂರಾರು ಬಿಂದುಗಳು ಒಂದೇ ಕಡೆ ಸಿಕ್ಕುಸಿಕ್ಕಾಗಿ ಗುಡ್ಡೆ ಬಿದ್ದಿರುತ್ತವೆ. ಜಿಪಿಎಕ್ಸ್ ಸ್ಟುಡಿಯೊ ಎಂಬ ಉಚಿತ ತಾಣದಲ್ಲಿ ಅಡ್ಡಾದಿಡ್ಡಿ ಬಿಂದುಗಳನ್ನು ಅಳಿಸಿ, ಉಳಿದವನ್ನೂ ಕಡಿಮೆ ಮಾಡಿ. ಇಲ್ಲಿ ಬೇಕಾದ್ದು ಸರ್ವೆ ನಕ್ಷೆಯ ನಿಖರತೆಯಲ್ಲ, ಕಣ್ಣಿಗೆ ಒಗ್ಗುವ ನುಣುಪಾದ ಗೆರೆ.

ಮ್ಯಾಪ್ ಚಿತ್ರ ವೀಡಿಯೊಗಿಂತ ದೊಡ್ಡದಿರಲಿ. ವೀಡಿಯೊ 1920 x 1080 ಇದ್ದರೆ ಮ್ಯಾಪ್ 3840 x 2160 ಇಟ್ಟುಕೊಳ್ಳಿ. ಆಗ ಎರಡು ಪಟ್ಟು ಜೂಮ್ ಮಾಡಿದರೂ ಮಸುಕಾಗದು. ಅಂಗಡಿ, ಹೋಟೆಲುಗಳ ಹೆಸರು ತುಂಬಿದ ಮ್ಯಾಪ್ ಬೇಡ. ಬೇಕಾದ ನಾಲ್ಕೈದು ಹೆಸರನ್ನು ನೀವೇ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಹಾಕಿ.

ಇನ್ನು ಗೆರೆ ಓಡುವುದು. ಅಸಲಿಗೆ ಅದು ಓಡುವುದೂ ಇಲ್ಲ, ಬೆಳೆಯುವುದೂ ಇಲ್ಲ. ಇಡೀ ಗೆರೆ ಮೊದಲೇ ಬರೆದಿರುತ್ತದೆ. ಸಾಫ್ಟ್‌ವೇರ್ ಅದನ್ನು ಬಚ್ಚಿಟ್ಟುಕೊಂಡು ತುದಿಯಿಂದ ಸ್ವಲ್ಪಸ್ವಲ್ಪವೇ ತೋರಿಸುತ್ತದೆ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಈ ಕೆಲಸಕ್ಕೆ ‘ಟ್ರಿಮ್ ಪಾತ್ಸ್’ ಇದೆ: ಮೊದಲ ಕೀಫ್ರೇಮ್‌ನಲ್ಲಿ ‘ಎಂಡ್’ 0, ಕೊನೆಯದರಲ್ಲಿ 100. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯ ಫ್ಯೂಷನ್ ಪುಟದಲ್ಲೂ ಪಾಲಿಗಾನ್‌ನಿಂದ ದಾರಿ ಗುರುತಿಸಿ, ‘ಸಾಲಿಡ್’ ಟಿಕ್ ತೆಗೆದು, ಗೆರೆಗೆ ದಪ್ಪ ಕೊಟ್ಟು, ಉದ್ದಕ್ಕೆ ಹೀಗೇ ಕೀಫ್ರೇಮ್ ಹಾಕಬಹುದು. ಪವರ್‌ಪಾಯಿಂಟ್‌ನ ‘ವೈಪ್’ ಕೂಡ ನಡೆಯುತ್ತದೆ, ಆದರೆ ಅದು ಒಂದೇ ದಿಕ್ಕಿಗೆ ಸರಿಯುವ ಪರದೆ. ದಾರಿ ಹಿಂದಕ್ಕೆ ತಿರುಗುವ ಕಡೆ ಗೆರೆಯನ್ನು ತುಂಡು ಮಾಡಿ ಒಂದೊಂದಕ್ಕೂ ಬೇರೆ ದಿಕ್ಕು ಕೊಡಬೇಕು.

ಇದ್ಯಾವುದೂ ಇಲ್ಲದವರಿಗೆ ಒಂದು ಉಪಾಯ. ಪೂರ್ತಿ ಗೆರೆಯಿರುವ ಚಿತ್ರ ತೆಗೆದುಕೊಂಡು ವಿಠ್ಠಲನ ಕಡೆಯಿಂದ ಚೂರುಚೂರೇ ಅಳಿಸುತ್ತ, ಪ್ರತಿ ಸಲ ಹೊಸ ಹೆಸರಿನಲ್ಲಿ ಸೇವ್ ಮಾಡಿ. ಚಿತ್ರಗಳನ್ನು ಹಿಂದುಮುಂದಾಗಿ ಜೋಡಿಸಿದರೆ ಗೆರೆ ವಿರೂಪಾಕ್ಷನಿಂದ ಹೊರಡುತ್ತದೆ.

ಬಣ್ಣಕ್ಕೆ ಕೆಂಪೇ ಆಗಬೇಕೆಂದಿಲ್ಲ. ಉಪಗ್ರಹ ಚಿತ್ರದಲ್ಲಿ ಹಂಪಿಯ ಕಂದು ಬಂಡೆಗಳ ಮೇಲೆ ಕೆಂಪು ಮಂಕಾಗುತ್ತದೆ. ಸುತ್ತ ಬಿಳಿ ಅಂಚು ಕೊಟ್ಟರೆ ಎದ್ದು ಕಾಣುತ್ತದೆ.

ಮನೆಯಲ್ಲಿ ಮಾಡಿದ ವೀಡಿಯೊಗಳು ಹೆಚ್ಚಾಗಿ ಎಡವುವುದು ವೇಗದಲ್ಲಿ. ನಡೆದ ವೇಗಕ್ಕೇ ಗೆರೆಯನ್ನು ಕಟ್ಟಿಹಾಕಿದರೆ ನೀವು ಊಟಕ್ಕೆ ಕೂತಲ್ಲಿ ಅದೂ ಕೂರುತ್ತದೆ. ಸಮಯ ಮರೆತು ದೂರಕ್ಕೆ ತಕ್ಕಂತೆ ಓಡಿಸಿ. 30 ಫ್ರೇಮ್‌ನ ವೀಡಿಯೊದಲ್ಲಿ ಆರು ಸೆಕೆಂಡೆಂದರೆ 180 ಫ್ರೇಮ್. ಇಡೀ ದಾರಿಗೆ ಅಷ್ಟು ಸಾಕು. ಅದನ್ನೂ ಒಂದೇ ಉಸಿರಿಗೆ ತೋರಿಸಬೇಡಿ. ಕೋದಂಡರಾಮನ ಹತ್ತಿರ ಒಂದೇ ಬೆಲೆಯ ಎರಡು ಕೀಫ್ರೇಮ್‌ಗಳನ್ನು 15 ಫ್ರೇಮ್ ಅಂತರದಲ್ಲಿಟ್ಟರೆ ಗೆರೆ ಅರ್ಧ ಸೆಕೆಂಡು ನಿಲ್ಲುತ್ತದೆ. ಅಲ್ಲೇ ಕತ್ತರಿಸಿ ಆ ಗುಡಿಯ ಕ್ಲಿಪ್‌ಗೆ ಹೋಗಿ. ಮುಂದಿನ ಸಲ ಮ್ಯಾಪ್ ಬಂದಾಗ ಅಲ್ಲಿಂದಲೇ ಮುಂದುವರಿಸಿ.

ದಿಕ್ಕಿನ ವಿಷಯ ಬಹಳ ಜನ ಗಮನಿಸುವುದಿಲ್ಲ. ಉತ್ತರ ಮೇಲಿರುವ ಮ್ಯಾಪ್‌ನಲ್ಲಿ ಈ ದಾರಿ ಎಡದಿಂದ ಬಲಕ್ಕೆ ಹೋಗುತ್ತದೆ, ಹೊಳೆ ಎಡಗೈ ಬದಿಗೆ. ಹೊಳೆಯ ಕಡೆ ಮುಖ ಮಾಡಿ ಚಿತ್ರಿಸಿದ್ದರೆ ಮನೆಯವರೂ ಎಡದಿಂದ ಬಲಕ್ಕೇ ನಡೆಯುತ್ತಾರೆ, ಎರಡೂ ಹೊಂದುತ್ತವೆ. ಹೊಳೆಗೆ ಬೆನ್ನು ಹಾಕಿ ತೆಗೆದ ಕ್ಲಿಪ್ ಗೆರೆಯ ಪಕ್ಕಕ್ಕೇ ಬಂದರೆ ಎಲ್ಲರೂ ವಾಪಸ್ ಹೊರಟಂತೆ ಕಾಣುತ್ತದೆ. ಅಂಥದ್ದಕ್ಕೆ ಮೊದಲು ಒಂದು ಗೋಪುರದ್ದೋ ಮಂಟಪದ್ದೋ ನಿಶ್ಚಲ ದೃಶ್ಯ ಸೇರಿಸಿ.

ವೀಡಿಯೊವನ್ನು ಯೂಟ್ಯೂಬ್‌ಗೆ ಹಾಕುವುದಿದ್ದರೆ ಮ್ಯಾಪಿನ ಮೂಲದ ಹೆಸರನ್ನು ಕತ್ತರಿಸಬೇಡಿ. ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸಲು ದುಡ್ಡು ಕೊಡಬೇಕಿಲ್ಲ, ಹೆಸರು ಹೇಳಲೇಬೇಕು. ಗೂಗಲ್ ಮ್ಯಾಪ್ ತೋರಿಸುವಾಗಲೂ ಅದರ ಹೆಸರು ಕಾಣುತ್ತಿರಬೇಕು. ಮೂಲೆಯಲ್ಲಿ ಸಣ್ಣಕ್ಷರದ ಒಂದು ಸಾಲು ಸಾಕು.