ಕೊಡಗಿಗೆ ಮರಳುವ ನಿವೃತ್ತರು: ಜೀವನವೆಚ್ಚದ ಒಂದು ವಿಚಾರ

ನಿಯತ ವರಮಾನವುಳ್ಳವನು ದುಬಾರಿಯಾದ ನಗರವನ್ನು ತೊರೆದು ಕಡಿಮೆ ವೆಚ್ಚದ ಊರಿನಲ್ಲಿ ನೆಲಸಿದರೆ, ಅವನ ಹಣದ ವರಮಾನ ಹೆಚ್ಚದಿದ್ದರೂ ನೈಜ ವರಮಾನ ಹೆಚ್ಚುತ್ತದೆಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಸೈನ್ಯದ ನಿವೃತ್ತಿವೇತನದೊಡನೆ ಕೊಡಗಿಗೆ ಮರಳುವವರನ್ನು ಇದಕ್ಕೆ ನಿದರ್ಶನವಾಗಿ ಹೇಳುವುದುಂಟು. ಆದರೆ ಕೊಡಗಿನ ಸಂತೆಯಲ್ಲಿ ಪದಾರ್ಥಗಳು ಅಗ್ಗವೆಂದು ಇದರಿಂದ ಊಹಿಸಲಾಗದು. ಜಿಲ್ಲೆಗೆ ಇಂದಿಗೂ ರೈಲುಮಾರ್ಗವಿಲ್ಲ. ಉಪ್ಪು, ಬಟ್ಟೆ, ಸಿಮೆಂಟುಗಳೆಲ್ಲವೂ ರಸ್ತೆಯ ಮೂಲಕವೇ ಬರಬೇಕು. ಹಾಗಿದ್ದರೂ ಮರಳಿದವರ ಬಾಳು ಹಗುರವಾಗುತ್ತಿದ್ದುದು ಹೇಗೆ?

ಇದಕ್ಕೆ ಉತ್ತರವನ್ನು ಜಮ್ಮಾ ಹಿಡುವಳಿಯಲ್ಲಿ ಹುಡುಕಬೇಕು. ಅರಸರ ಕಾಲದಿಂದ ಬಂದ ಈ ಹಿಡುವಳಿಯನ್ನು 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಬ್ರಿಟಿಷರೂ ಉಳಿಸಿಕೊಂಡರು. ಅಗತ್ಯ ಬಿದ್ದಾಗ ಸಲ್ಲಿಸಬೇಕಾದ ಸೇವೆಗೆ ಪ್ರತಿಯಾಗಿ, ಇದರ ಕಂದಾಯ ಸಾಮಾನ್ಯ ಸಾಗು ಭೂಮಿಯ ಕಂದಾಯದ ಅರ್ಧದಷ್ಟಿತ್ತು. ಗದ್ದೆಗೆ ಸೇರಿದ ಬಾಣೆಯನ್ನು ಮೇವು, ಸೌದೆ, ಸೊಪ್ಪುಗಳಿಗಾಗಿ ಬಳಸುವವರೆಗೆ ಅದಕ್ಕೆ ಕಂದಾಯವೇ ಇರಲಿಲ್ಲ. ಭೂಮಿಯು ವ್ಯಕ್ತಿಯದಲ್ಲ, ಒಕ್ಕದ್ದು. ಅದನ್ನು ಮನಬಂದಂತೆ ಮಾರುವಂತಿರಲಿಲ್ಲ. ಆದ್ದರಿಂದ ಊರಿಗೆ ಮರಳಿದ ಸಿಪಾಯಿಗೆ ಅಕ್ಕಿ ಗದ್ದೆಯಿಂದ, ಸೌದೆ ಬಾಣೆಯಿಂದ, ಆಶ್ರಯ ಐನ್‌ಮನೆಯಲ್ಲಿ ದೊರೆಯುತ್ತಿತ್ತು. ನಿವೃತ್ತಿವೇತನವು ಬಟ್ಟೆ, ಔಷಧ, ಮಕ್ಕಳ ವಿದ್ಯೆಗಳಿಗೆ ಉಳಿಯುತ್ತಿತ್ತು. ಅಷ್ಟೇ ವೇತನದೊಡನೆ ಮಡಿಕೇರಿಗೆ ಬಂದು ಬಾಡಿಗೆಯ ಮನೆ ಹಿಡಿದ ಅನ್ಯನಿಗೆ ಈ ಸೌಲಭ್ಯಗಳಲ್ಲಿ ಒಂದೂ ಇರಲಿಲ್ಲ. ಅಗ್ಗವಾಗಿದ್ದುದು ಊರಲ್ಲ, ಒಕ್ಕದ ಸದಸ್ಯತ್ವ. ಅಂಗಡಿಯ ಬೆಲೆಗಳನ್ನಷ್ಟೇ ಕೂಡಿಸಿ ಮಾಡಿದ ಜೀವನವೆಚ್ಚದ ಸೂಚ್ಯಂಕದಲ್ಲಿ ಇದು ಕಾಣಿಸದು. ಕೊಳ್ಳದೆ ಉಂಡ ಅಕ್ಕಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

1953ರಲ್ಲಿ ನಿವೃತ್ತರಾಗಿ, ಆಸ್ಟ್ರೇಲಿಯಾದಲ್ಲಿ ಹೈಕಮಿಷನರಾಗಿದ್ದು, ಬಳಿಕ ಮಡಿಕೇರಿಯ ‘ರೋಷನಾರಾ’ದಲ್ಲಿ ನೆಲಸಿದ ಕಾರಿಯಪ್ಪನವರ ಹೆಸರು ಈ ಸಂದರ್ಭದಲ್ಲಿ ಯಾರಿಗೂ ನೆನಪಾಗುವುದು ಸಹಜ. ಆದರೆ ಸೇನಾಪತಿಯ ಉದಾಹರಣೆಯಿಂದ ಹವಿಲ್ದಾರನ ಮನೆಯ ಜಮಾಖರ್ಚನ್ನು ತಿಳಿಯಲಾಗದು.

ಈಚೆಗೆ ಪರಿಸ್ಥಿತಿ ಬದಲಾಗಿದೆ. ಅನೇಕ ಒಕ್ಕಗಳಲ್ಲಿ ಭೂಮಿ ಹಂಚಿಹೋಗಿದೆ. ಬಾಣೆಗಳಲ್ಲಿ ಕಾಫಿ ಬೆಳೆದಿದೆ. ಕೂಲಿಯಾಳುಗಳ ಅಭಾವದಿಂದ ಎಷ್ಟೋ ಗದ್ದೆಗಳು ಪಾಳುಬಿದ್ದಿವೆ. ಗದ್ದೆಯೊಡೆಯನೂ ಅಂಗಡಿಯ ಅಕ್ಕಿಯನ್ನು ಕೊಳ್ಳುತ್ತಾನೆ. ಪ್ರವಾಸಿಗರಿಗಾಗಿ ಏರ್ಪಟ್ಟ ಹೋಂಸ್ಟೇಗಳು ಭೂಮಿಯ ಬೆಲೆಯನ್ನು ಏರಿಸಿವೆ. 2018ರ ಆಗಸ್ಟ್ ತಿಂಗಳ ಭೂಕುಸಿತಗಳಲ್ಲಿ ಕೆಲವರು ಮನೆಯನ್ನೂ ತೋಟವನ್ನೂ ಒಟ್ಟಿಗೆ ಕಳೆದುಕೊಂಡರು.

ಹೀಗಾಗಿ ಈಗ ಚಿಕಿತ್ಸೆಗೂ ಮಕ್ಕಳ ವಿದ್ಯಾಭ್ಯಾಸಕ್ಕೂ ಮೈಸೂರಿನಲ್ಲಿ ನೆಲಸುವ ಕೊಡಗಿನವರು ಹಲವರಿದ್ದಾರೆ. ಇಂಥವರಲ್ಲಿ ಕೆಲವರು ಮೈಸೂರಿನ ಮನೆಗೆ ಬಾಡಿಗೆಯನ್ನು ತೆರುತ್ತ, ಮಳೆಗಾಲಕ್ಕೆ ಮುನ್ನ ಊರಿನ ಮನೆಯ ಹೆಂಚನ್ನೂ ಕೈಯಾಡಿಸಬೇಕಾಗುತ್ತದೆ. ಒಂದೇ ನಿವೃತ್ತಿವೇತನದಿಂದ ಎರಡು ಮನೆಗಳ ವೆಚ್ಚ ಸಾಗುತ್ತದೆ.