ಗುಜರಿಗೆ ಮುನ್ನ ಗ್ಯಾರೇಜಿನತ್ತ ನೋಡೋಣ

ಹಳೆಯ ವಾಹನಗಳ ವಿಷಯದಲ್ಲಿ ಸರ್ಕಾರದ ಬಳಿ ಇರುವ ಅಳತೆಗೋಲು ಒಂದಲ್ಲ. 2021ರ ಆಗಸ್ಟ್‌ನಲ್ಲಿ ಪ್ರಕಟವಾದ ಗುಜರಿ ನೀತಿಯು ಖಾಸಗಿ ಕಾರು ರಸ್ತೆಗೆ ಯೋಗ್ಯವೇ ಎಂದು ಪರೀಕ್ಷಿಸಿ ತೀರ್ಮಾನಿಸುತ್ತದೆ. ಸರ್ಕಾರಿ ವಾಹನಗಳಿಗೆ, ಕೆಲವು ವಿಶೇಷ ಬಳಕೆಯವನ್ನು ಬಿಟ್ಟರೆ, ಆ ಅವಕಾಶವೂ ಇಲ್ಲ. 2023ರ ಏಪ್ರಿಲ್ 1ರಿಂದ, ವಯಸ್ಸು 15 ವರ್ಷ ದಾಟಿದರೆ ನೋಂದಣಿ ರದ್ದು. ಮೂಲ ಸ್ವರೂಪ ಉಳಿಸಿಕೊಂಡು 50 ವರ್ಷ ದಾಟಿದ ಖಾಸಗಿ ಕಾರಿಗೆ ಮಾತ್ರ, 2021ರ ಜುಲೈ ನಿಯಮಗಳ ಪ್ರಕಾರ, ‘ವಿಂಟೇಜ್’ ಎಂಬ ಗೌರವ.

ಈ ನಡುವಿನ ಮೂವತ್ತೈದು ವರ್ಷಗಳನ್ನು ಕಾರು ದಾಟುವುದು ಹೇಗೆ? ಉತ್ತರ ಗ್ಯಾರೇಜಿನಲ್ಲಿದೆ.

ನನ್ನ ಅಂಬಾಸಡರ್ 1984ರದು. ವಿಂಟೇಜ್ ಆಗಲು 2034ರವರೆಗೆ ಕಾಯಬೇಕು. ಕಳೆದ ವರ್ಷ ಅದರ ಕ್ಲಚ್ ಜಾರತೊಡಗಿದಾಗ ಚಿತ್ರದುರ್ಗದ ಮೆಕ್ಯಾನಿಕ್ ಗೇರ್‌ಬಾಕ್ಸ್ ಇಳಿಸಿ, ಶಾಫ್ಟನ್ನು ಹಿಂದೆ ಮುಂದೆ ತಳ್ಳಿ ನೋಡಿ, ‘ಪ್ಲೇಟ್ ಒಂದೇ ಹಾಕಿದ್ರೆ ಆಗಲ್ಲ ಸಾರ್, ಕ್ರ್ಯಾಂಕೂ ಆಡ್ತಾ ಇದೆ’ ಎಂದರು. ಅವರ ಮಾತಿನಲ್ಲಿ ಯಂತ್ರಶಾಸ್ತ್ರವೇ ಅಡಗಿತ್ತು. ಕ್ಲಚ್ ತುಳಿದಾಗ ಆ ಒತ್ತಡ ರಿಲೀಸ್ ಬೇರಿಂಗ್ ಮೂಲಕ ಕ್ರ್ಯಾಂಕ್ ಶಾಫ್ಟನ್ನು ಮುಂದಕ್ಕೆ ದೂಡುತ್ತದೆ. ಅದನ್ನು ತಡೆಹಿಡಿಯುವುದು ನಡುವಣ ಮೇನ್ ಬೇರಿಂಗಿನ ಪಕ್ಕದಲ್ಲಿರುವ ಅರ್ಧಚಂದ್ರಾಕಾರದ ಥ್ರಸ್ಟ್ ವಾಷರ್‌ಗಳು. ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಚಾಲಕ ಕ್ಲಚ್ಚಿನ ಜೊತೆಗೆ ಈ ವಾಷರ್‌ಗಳನ್ನೂ ಸವೆಸುತ್ತಾನೆ.

ಮುಂದಿನ ಕೆಲಸ ಹಿರಿಯೂರಿನ ಕಾರ್ಯಾಗಾರವೊಂದರಲ್ಲಿ ನಡೆಯಿತು. ಬೇರಿಂಗಿನೊಳಗೆ ತಿರುಗುವ ಶಾಫ್ಟಿನ ಭಾಗಗಳನ್ನು ಮೈಕ್ರೋಮೀಟರ್‌ನಿಂದ ಅಳೆದು, ದುಂಡಗೆ ಉಳಿಯದಿದ್ದವನ್ನು ಇಂಚಿನ ಸಾವಿರ ಭಾಗಗಳಲ್ಲಿ ಹತ್ತರಷ್ಟು, ಅಂದರೆ ಸುಮಾರು ಕಾಲು ಮಿಲಿಮೀಟರ್ ಉಜ್ಜಿದರು. ಅದಕ್ಕೆ ಸರಿಹೊಂದುವ, ಅಷ್ಟೇ ಕಿರಿದಾದ ಬೇರಿಂಗುಗಳನ್ನು ಕೂರಿಸಿದರು. ಸಾಮಾನ್ಯವಾಗಿ ಹೀಗೆ ನಾಲ್ಕು ಬಾರಿ ಉಜ್ಜಬಹುದು. ಎಂಜಿನ್ ರೂಪಿಸಿದವರೇ ದುರಸ್ತಿಗೆಂದು ನಾಲ್ಕು ಅವಕಾಶಗಳನ್ನು ಕೊಟ್ಟಿದ್ದರು ಎಂದಾಯಿತು.

ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಡರ್ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು. ಆದರೆ ಅದರ 1489 ಸಿ.ಸಿ. ಎಂಜಿನ್ ಬ್ರಿಟನ್ನಿನ ‘ಬಿ-ಸೀರೀಸ್’ ಕುಟುಂಬದ್ದು. ಅದೇ ಕುಟುಂಬದ ಎಂಜಿನ್ ಹೊತ್ತ ಎಂ.ಜಿ. ಕಾರುಗಳಿಗೆ ಅಲ್ಲಿ ಇಂದಿಗೂ ಬಿಡಿಭಾಗಗಳು ತಯಾರಾಗುತ್ತಿವೆ. ಹಳೆಯ ಕಾರಿನ ಮೋಹ ಅಲ್ಲಿ ಸಣ್ಣ ಉದ್ಯಮಗಳನ್ನು ಸಾಕುತ್ತಿದೆ. ನಮ್ಮಲ್ಲಿ ಮೋಹಕ್ಕೆ ಕೊರತೆಯಿಲ್ಲ. ಅದನ್ನು ಉದ್ಯೋಗವಾಗಿ ಕಾಣುವ ದೃಷ್ಟಿಗೆ ಕೊರತೆಯಿದೆ.

ಈ ಜಿಲ್ಲೆಯ ಯಂತ್ರಕೌಶಲವನ್ನು ಬೆಳೆಸಿದ್ದು ಹೆದ್ದಾರಿ, ಅದಿರಿನ ಲಾರಿ, ಹೊಸದುರ್ಗ-ಹೊಳಲ್ಕೆರೆಯ ತೋಟಗಳ ಪಂಪ್‌ಸೆಟ್ಟು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಗಣಿಗಾರಿಕೆಗೆ ತಡೆ ನೀಡಿದಾಗ ಲಾರಿಗಳು ನಿಂತವು. ಅವನ್ನು ನಂಬಿದ್ದ ಗ್ಯಾರೇಜುಗಳಿಗೂ ಬಿಸಿ ತಟ್ಟಿತು. ಕಸುಬು ಒಮ್ಮೆ ಕೈಬಿಟ್ಟರೆ ಮರಳುವುದಿಲ್ಲ ಎಂಬುದಕ್ಕೆ ಹೊಸದುರ್ಗ ತಾಲ್ಲೂಕಿನ ಮತ್ತೋಡಿನಲ್ಲೇ ಸಾಕ್ಷಿಯಿದೆ. ಒಂದು ಕಾಲಕ್ಕೆ ಗಾಜಿನ ಬಳೆಗೆ ಹೆಸರಾಗಿದ್ದ ಊರದು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಒಂದು ಮಾತು ಹೇಳಬೇಕು. ದುರಸ್ತಿಯಾದ ಕಾರಿನಿಂದ ರಾಷ್ಟ್ರೀಯ ವರಮಾನಕ್ಕೆ ಸೇರುವುದು ಮೆಕ್ಯಾನಿಕ್‌ನ ಅಲ್ಪ ಗಳಿಕೆ. ಹೊಸ ಕಾರಿನಿಂದ ಸೇರುವ ಮೊತ್ತ ದೊಡ್ಡದು. ಉಳಿದ ಉಕ್ಕು, ಉಳಿದ ಕೌಶಲ ಯಾವ ಲೆಕ್ಕದಲ್ಲೂ ಕಾಣುವುದಿಲ್ಲ. ಲೆಕ್ಕಕ್ಕೆ ಸಿಗದ್ದನ್ನು ನೀತಿಯೂ ಮರೆಯುತ್ತದೆ.

ಹಳೆಯ ಎಂಜಿನ್ನುಗಳ ಹೊಗೆ ಇಂದಿನ ಮಾನದಂಡಕ್ಕೆ ಒಗ್ಗುವುದಿಲ್ಲ ಎಂಬ ಆಕ್ಷೇಪ ನಿಜ. ಅವು ನಿತ್ಯ ಸಂಚಾರಕ್ಕೆ ಇಳಿಯಬೇಕೆಂದು ನಾನು ವಾದಿಸುತ್ತಿಲ್ಲ. ಆದರೆ 2025ರ ಆಗಸ್ಟ್‌ನಲ್ಲಿ 20 ವರ್ಷ ಮೀರಿದ ಕಾರುಗಳ ನೋಂದಣಿ ನವೀಕರಣ ಶುಲ್ಕ 10,000 ರೂಪಾಯಿಗೆ ಏರಿತು. ಈ ಶುಲ್ಕ ಸುಸ್ಥಿತಿಯ ಕಾರಿಗೂ ಶಿಥಿಲವಾದ ಕಾರಿಗೂ ಒಂದೇ. ಇದರ ಬದಲು, ಕಡಿಮೆ ಓಡುವ ಹಳೆಯ ಕಾರುಗಳಿಗೆ ಸೀಮಿತ ಬಳಕೆಯ ಪ್ರತ್ಯೇಕ ನೋಂದಣಿ ಕೊಡಬಹುದು. ಸರ್ಕಾರಿ ವಾಹನಗಳಿಗೂ ವಯಸ್ಸಿನ ಬದಲು ಸ್ಥಿತಿಯನ್ನೇ ಮಾನದಂಡವಾಗಿಸಬಹುದು. ಐಟಿಐಗಳ ಮಕ್ಕಳನ್ನು ಇಂತಹ ಕಾರ್ಯಾಗಾರಗಳಿಗೆ ಕಲಿಯಲು ಕಳುಹಿಸಬಹುದು.

ಇದಕ್ಕೆ ಬೇಕಿರುವುದು ದೊಡ್ಡ ಅನುದಾನವಲ್ಲ. ಸವೆದದ್ದನ್ನು ಎಸೆಯುವ ಮುನ್ನ ಅಳೆದು ನೋಡುವ ತಾಳ್ಮೆಯಷ್ಟೆ. ಹಿರಿಯೂರಿನ ಆ ಕಾರ್ಯಾಗಾರದಲ್ಲಿ ಅದು ದಿನನಿತ್ಯದ ಅಭ್ಯಾಸ. ವಿಧಾನಸೌಧಕ್ಕೂ ದೆಹಲಿಗೂ ಅದು ಅಸಾಧ್ಯವೇನಲ್ಲ.